ಯಾರು ಅಂತ ನಾನು ಕೇಳುವುದಿಲ್ಲ

ಮುದ್ದು ಮಗಳೇ,

ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜ್ ನೋಡಿದೆ. "ಅಮ್ಮಾ, ನಮ್ಮಲ್ಲಿ ಡಾಕ್ಟರುಗಳಿಗೆ ಡಾಕ್ಟರುಗಳೇ ನಡೆಸೋ ಪೀರ್ ಸಪೋರ್ಟ್ ಶುರುವಾಗಿದೆ, ಹೆಸರು ಕೊಟ್ಟಿದ್ದೀನಿ. ನೀನು ಮಾಡಿದ್ದೀಯಲ್ಲ, ಏನಾದ್ರೂ ಹೇಳು" ಅಂತ ಬರೆದಿದ್ದೆ. ಎರಡು ಸಾಲು ಟೈಪ್ ಮಾಡಿದೆ, ಅಳಿಸಿದೆ. ಮತ್ತೆ ಟೈಪ್ ಮಾಡಿದೆ, ಮತ್ತೆ ಅಳಿಸಿದೆ. ಇದು ಮೆಸೇಜಿನಲ್ಲಿ ಮುಗಿಯುವ ಮಾತಲ್ಲ ಅನ್ನಿಸಿ ಕಾಗದ ತೆಗೆದುಕೊಂಡು ಕೂತೆ.

ಕೆಲಸದಲ್ಲಿ ಏಟು ತಿಂದ ಡಾಕ್ಟರುಗಳ ಮಾತನ್ನು ಜೊತೆಯ ಡಾಕ್ಟರಾಗಿ ಕೂತು ಕೇಳುವ ಈ ಕೆಲಸವನ್ನು ಹನ್ನೆರಡು ವರ್ಷ ಮಾಡಿದವಳು ನಾನು. ನಿನಗೊಂದು ಒಳ್ಳೆಯ ಉದಾಹರಣೆ ಕೊಡೋಣ ಅಂತ ನೆನಪು ಕೆದಕಿದರೆ, ಹೇಳುವ ಹಾಗಿರುವುದು ಒಂದೂ ಸಿಗಲಿಲ್ಲ. ಹೆಸರು ಬದಲಾಯಿಸಿ ಹೇಳಬಹುದಲ್ವಾ ಅಂತೀಯ. ಡಾಕ್ಟರುಗಳ ಲೋಕ ಬಹಳ ಸಣ್ಣದು ಮಗಳೇ. "ಒಬ್ಬ ಸರ್ಜನ್, ಒಂದು ರಾತ್ರಿ" ಅಂದರೆ ಸಾಕು, ಕೇಳಿದವರು ಅದು ಯಾರಿರಬಹುದು ಅಂತ ಲೆಕ್ಕ ಹಾಕತೊಡಗುತ್ತಾರೆ. ಹಾಗಾಗಿ ಹೇಳಲು ನನ್ನ ಹತ್ತಿರ ಇರುವುದು ಒಂದೇ ಕಥೆ. ನನ್ನದೇ.

ನಿನಗೆ ಆಗ ಆರು ವರ್ಷ. ನಾನು ಕ್ಯಾಶುಯಲ್ಟಿ ಡ್ಯೂಟಿಯಲ್ಲಿದ್ದೆ. ಎದೆನೋವು ಅಂತ ಒಬ್ಬರು ಬಂದರು. ಇಸಿಜಿ ಸರಿಯಾಗಿತ್ತು, ನೋವೂ ಕಡಿಮೆಯಾಗುತ್ತಾ ಬಂದಿತ್ತು. ಆಸಿಡಿಟಿ ಇರಬೇಕು ಅಂದುಕೊಂಡು ಮಾತ್ರೆ ಬರೆದು ಮನೆಗೆ ಕಳಿಸಿದೆ. ಬೆಳಿಗ್ಗೆ ಅವರನ್ನು ಮತ್ತೆ ಕರೆತಂದಾಗ ಜೀವ ಇರಲಿಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಅಯೋರ್ಟಾದ ಗೋಡೆ ಸೀಳಿತ್ತು. ನೋವು ಬೆನ್ನಿಗೆ ಹೋಗುತ್ತಾ, ಹರಿದ ಹಾಗೆ ಅನ್ನಿಸುತ್ತಾ ಅಂತ ಕೇಳಬೇಕಿತ್ತು. ಎರಡೂ ಕೈಯ ಬಿಪಿ ನೋಡಬೇಕಿತ್ತು. ಕೇಳಲಿಲ್ಲ, ನೋಡಲಿಲ್ಲ.

ಆಮೇಲೆ ಮೀಟಿಂಗ್ ಆಯಿತು. ಕೇಸ್ ಶೀಟ್ ಬಗ್ಗೆ ಒಂದು ಗಂಟೆ ಮಾತಾಡಿದರು. ಅದು ಆಗಲೇಬೇಕು, ಅದರಲ್ಲಿ ನನಗೆ ದೂರಿಲ್ಲ. ಆದರೆ ಮೀಟಿಂಗ್ ಮುಗಿದ ಮೇಲೆ ಒಬ್ಬರೂ ನನ್ನ ಮುಖ ನೋಡಲಿಲ್ಲ. ಕಾರಿಡಾರಿನಲ್ಲಿ ನಾನು ಬರುತ್ತಿದ್ದರೆ ಮಾತು ನಿಲ್ಲುತ್ತಿತ್ತು. ಅದೇ ವಾರ ಒಂದು ಬೆಳಿಗ್ಗೆ ನಿನಗೆ ಜಡೆ ಹಾಕುತ್ತಾ ಇದ್ದಕ್ಕಿದ್ದಂತೆ ನಿಂತುಬಿಟ್ಟಿದ್ದೆನಂತೆ. ನೀನು ಒಂದೇ ಜಡೆಯಲ್ಲಿ ಸ್ಕೂಲಿಗೆ ಹೋಗಿ, ಸಂಜೆ ಬಂದು ನಿನ್ನ ಅಪ್ಪನ ಹತ್ತಿರ ದೂರು ಹೇಳಿದ್ದೆ. ನನಗೆ ಅದು ನೆನಪೇ ಇಲ್ಲ.

ಸುಮಾರು ಮೂರು ವಾರ ಆದಮೇಲೆ ನಮ್ಮ ಸೀನಿಯರ್ ಒಬ್ಬರು, ಬೇರೆ ಡಿಪಾರ್ಟ್‌ಮೆಂಟಿನವರು, ಪಾರ್ಕಿಂಗಿನಲ್ಲಿ ನಿಲ್ಲಿಸಿ ಕೇಳಿದರು. "ರಾತ್ರಿ ನಿದ್ದೆ ಬರ್ತಿದೆಯೇನಮ್ಮಾ?" ಬರ್ತಿದೆ ಸಾರ್ ಅಂತ ಸುಳ್ಳು ಹೇಳಿದೆ. "ನನಗೆ ನಾಲ್ಕು ತಿಂಗಳು ಬಂದಿರಲಿಲ್ಲ" ಅಂದರು. ಏನಾಯಿತು, ಹೇಗಾಯಿತು ಅಂತ ಒಂದು ಮಾತೂ ಕೇಳಲಿಲ್ಲ. ನಾನು ಅಲ್ಲೇ ಕಾರಿಗೆ ಒರಗಿ ಅತ್ತೆ. ಅವರು ಪಕ್ಕದಲ್ಲಿ ಸುಮ್ನೆ ನಿಂತಿದ್ದರು. ನೀನೀಗ ಸೇರಿರುವ ಕೆಲಸ ಅಂದರೆ ಹೆಚ್ಚುಕಡಿಮೆ ಇಷ್ಟೇ.

ಆಲ್ಬರ್ಟ್ ವು ಅನ್ನುವ ಡಾಕ್ಟರು 2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಪುಟ್ಟ ಲೇಖನ ಬರೆದರು. ಅವರ ಜೊತೆಯ ರೆಸಿಡೆಂಟ್ ಒಬ್ಬರು ಇಸಿಜಿಯಲ್ಲಿದ್ದ ಸುಳಿವನ್ನು ಗುರುತಿಸದೇ ಹೋಗಿದ್ದರು. ಸುದ್ದಿ ಹರಡಿತು, ಜೊತೆಯವರೆಲ್ಲ ನ್ಯಾಯಾಧೀಶರಾಗಿ ಕೂತು ಆತನಿಗೆ ಕೆಲಸ ಬರುವುದಿಲ್ಲ ಅಂತ ತೀರ್ಪು ಕೊಟ್ಟೇಬಿಟ್ಟರು. ಇದೇ ತಪ್ಪು ನನ್ನಿಂದಲೂ ಆಗುತ್ತಿತ್ತೇನೋ ಅಂತ ವು ಒಳಗೊಳಗೇ ಯೋಚಿಸುತ್ತಿದ್ದರಂತೆ. ತಪ್ಪಿಗೆ ಮೊದಲ ಬಲಿ ರೋಗಿಯಾದರೆ, ಇಂಥ ಡಾಕ್ಟರನ್ನು ಅವರು 'ಎರಡನೇ ಬಲಿಪಶು' ಅಂತ ಕರೆದರು. ಹೆಸರು ಎಲ್ಲ ಕಡೆ ಚಾಲ್ತಿಗೆ ಬಂತು. ನನಗೆ ಮಾತ್ರ ಆ ಹೆಸರು ಹಿಡಿಸುವುದಿಲ್ಲ. ತಪ್ಪಿನಿಂದ ತಮ್ಮವರನ್ನು ಕಳೆದುಕೊಂಡವರು ಅದನ್ನು ಕೈಬಿಡಿ ಅಂತ 2019ರಲ್ಲಿ ಅದೇ ಜರ್ನಲ್‌ನಲ್ಲಿ ಬರೆದರು. ನನ್ನ ಮಾತ್ರೆ ಚೀಟಿ ಹಿಡಿದು ಮನೆಗೆ ಹೋದವರ ಮನೆಯವರು ಆ ಹೆಸರು ಕೇಳಿದರೆ ಏನನ್ನುತ್ತಾರೆ ಅಂತ ಯೋಚಿಸಿದ್ದೇನೆ. ನೀನು ಆ ಪದ ಬಳಸಬೇಡ. ನೋವು ಇದೆ ಅಂತ ಒಪ್ಪಲು ಅದಕ್ಕೊಂದು ಬಿರುದು ಬೇಕಿಲ್ಲ.

ನೀನು ಕೇಳಬಹುದು, ಮನೋವೈದ್ಯರು ಇದ್ದಾರೆ, ಕೌನ್ಸೆಲರ್ ಇದ್ದಾರೆ, ನಾವ್ಯಾಕೆ ಅಂತ. 2012ರಲ್ಲಿ ಒಂದು ಆಸ್ಪತ್ರೆಯ ಡಾಕ್ಟರುಗಳನ್ನು, ಕಷ್ಟ ಬಂದರೆ ಯಾರ ಹತ್ತಿರ ಹೋಗುತ್ತೀರಿ ಅಂತ ಕೇಳಿದ ಒಂದು ಅಧ್ಯಯನ ಬಂತು. ಶೇಕಡ 88 ಮಂದಿ ಜೊತೆಯ ಡಾಕ್ಟರನ್ನು ಹೆಸರಿಸಿದರು. ಮನೋವೈದ್ಯರ ಹತ್ತಿರ ಹೋಗುತ್ತೇವೆ ಅಂದವರು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಹಾಗಂತ ನಾವು ಅವರ ಬದಲಿಗೆ ಅಲ್ಲ. ಅವರ ಬಾಗಿಲ ತನಕ ಜೊತೆಗೆ ನಡೆಯುವವರು. ಕೆಲವರಿಗೆ ಅಷ್ಟು ದೂರ ಹೋಗುವ ಅಗತ್ಯವೇ ಬೀಳುವುದಿಲ್ಲ.

ಮೊದಲು ನೀನು ಬಿಡಬೇಕಾಗಿರುವುದು ನಿನ್ನ ಡಾಕ್ಟರಿಕೆ. ಇದೇ ಬಹಳ ಕಷ್ಟ. ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಧ್ಯೆ ಬಾಯಿ ಹಾಕುತ್ತಾರೆ ಅಂತ 1984ರಲ್ಲೇ ಅಳೆದು ತೋರಿಸಿದ್ದಾರೆ. ನಾನೂ ಹಾಗೇ ಇದ್ದೆ. ಮೊದಲ ವರ್ಷ ಯಾರಾದರೂ ಮಾತಾಡುತ್ತಿದ್ದರೆ ನನ್ನ ತಲೆ ಒಳಗೇ ಡಯಾಗ್ನೋಸಿಸ್ ಬರೆಯುತ್ತಿತ್ತು. ಇದು ಡಿಪ್ರೆಶನ್ನಾ, ಬರ್ನ್‌ಔಟಾ, ಯಾವ ಮಾತ್ರೆ ಕೊಡಬಹುದು. ಎದುರಿನವರಿಗೆ ಅದು ಗೊತ್ತಾಗುತ್ತೆ. ಅವರೂ ಡಾಕ್ಟರೇ ತಾನೇ. ತಕ್ಷಣ ರೋಗಿಯ ಕುರ್ಚಿಯಲ್ಲಿ ಕೂತ ಹಾಗಾಗಿ, "ಪರವಾಗಿಲ್ಲ, ನಾನು ಚೆನ್ನಾಗಿದ್ದೀನಿ" ಅಂತ ಎದ್ದು ಹೋಗುತ್ತಾರೆ. "ನಿನ್ನ ತಪ್ಪೇನೂ ಇಲ್ಲ ಬಿಡು" ಅಂತಲೂ ಹೇಳಬೇಡ. ಇತ್ತೋ ಇಲ್ಲವೋ ನಿನಗೆ ಗೊತ್ತಿಲ್ಲ, ಅವರಿಗೆ ಗೊತ್ತು. ನನಗೆ ಯಾರಾದರೂ ಹಾಗೆ ಹೇಳಿದ್ದರೆ, ಇವರಿಗೆ ನನ್ನ ಮಾತು ಬೇಗ ಮುಗಿದರೆ ಸಾಕಾಗಿದೆ ಅಂದುಕೊಳ್ಳುತ್ತಿದ್ದೆ.

ಕೇಸಿನ ವಿವರಕ್ಕೂ ಕೈ ಹಾಕಬೇಡ. ಯಾವ ಔಷಧಿ, ಎಷ್ಟು ಗಂಟೆಗೆ, ಯಾರು ಸಹಿ ಹಾಕಿದರು, ಇದು ಯಾವುದೂ ನಿನಗೆ ಬೇಡ. ನಾಳೆ ವಿಚಾರಣೆ ಅಂತ ಬಂದರೆ ನೀನು ಕೇಳಿಸಿಕೊಂಡದ್ದನ್ನೂ ಹೇಳು ಅನ್ನಬಹುದು. ಕಾನೂನು ಎಲ್ಲ ಕಡೆ ನಿನ್ನ ಮೌನವನ್ನು ಕಾಪಾಡುವುದಿಲ್ಲ. ಏನಾಯಿತು ಅನ್ನುವುದಕ್ಕೆ ಮೀಟಿಂಗ್ ಇದೆ. ಅದರಿಂದ ನಿನಗೇನಾಗುತ್ತಿದೆ ಅನ್ನುವುದಕ್ಕೆ ಮಾತ್ರ ನೀನು ಇರುವುದು. ಏನನ್ನೂ ಬರೆದಿಡಬೇಡ. ಡೈರಿಯಲ್ಲಿ ಹೆಸರಿನ ಮೊದಲ ಅಕ್ಷರ ಕೂಡ.

ಗುಟ್ಟಿಗೂ ಒಂದು ಗಡಿ ಇದೆ. ಅವರು ಮಾತು ಶುರು ಮಾಡುವ ಮೊದಲೇ ಅದನ್ನು ಹೇಳಿಬಿಡು. "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ಆದರೆ ನಿಮ್ಮ ಜೀವಕ್ಕೋ ರೋಗಿಗಳ ಜೀವಕ್ಕೋ ಅಪಾಯ ಅಂತ ಕಂಡರೆ ನಾನು ಸುಮ್ಮನಿರೋಕಾಗಲ್ಲ, ಮೊದಲು ನಿಮಗೇ ಹೇಳಿ ಮುಂದಿನ ಹೆಜ್ಜೆ ಇಡ್ತೀನಿ." ಇದನ್ನು ಹೇಳಿದರೆ ಜನ ಹಿಂಜರಿಯುತ್ತಾರೆ ಅಂತ ನಾನು ಹೆದರಿದ್ದೆ. ಹಾಗಾಗಲಿಲ್ಲ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ಕೇಳಬೇಕಾದ ಹೊತ್ತು ಬಂದರೆ ಸುತ್ತಿಬಳಸದೆ ಕೇಳು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಫೋನ್ ಇಡಬೇಡ, ಅವರನ್ನು ಒಂಟಿಯಾಗಿ ಬಿಡಬೇಡ. ನಿಮ್ಮ ತಂಡದ ಮನೋವೈದ್ಯರನ್ನು ಆಗಲೇ ಕರೆ, ಬೆಳಿಗ್ಗೆ ನೋಡೋಣ ಅನ್ನಬೇಡ. ಅವರ ನಂಬರ್ ಮೊದಲ ದಿನವೇ ನಿನಗೆ ಬಾಯಿಪಾಠ ಆಗಿರಲಿ.

ನಿನ್ನ ಯೂನಿಟ್ಟಿನವರು, ನಿನ್ನ ಗೈಡು, ನಿನ್ನ ಜೂನಿಯರ್, ಇವರು ಬಂದರೆ ಬೇರೆಯವರಿಗೆ ಒಪ್ಪಿಸು. ಅದರಲ್ಲಿ ಸಂಕೋಚ ಬೇಡ.

ಇನ್ನೊಂದು ವಿಷಯ. ನಿನ್ನ ಮುಂದೆ ಅತ್ತವರು ಮಾರನೇ ವಾರ ಕಾರಿಡಾರಿನಲ್ಲಿ ನಿನ್ನನ್ನು ನೋಡಿಯೂ ನೋಡದ ಹಾಗೆ ಹೋಗಬಹುದು. ಕೆಲವರು ನಿನ್ನ ಮೇಲೆ ಸಿಡುಕುತ್ತಾರೆ ಕೂಡ. ನನಗೆ ಮೊದಮೊದಲು ಬೇಜಾರಾಗುತ್ತಿತ್ತು, ಇಷ್ಟು ಹೊತ್ತು ಕೂತು ಕೇಳಿದೆನಲ್ಲ ಅಂತ. ಆಮೇಲೆ ಅರ್ಥವಾಯಿತು. ಅವರ ಗುಟ್ಟು ಗೊತ್ತಿರುವ ಮುಖ ನಿನ್ನದು. ಅದನ್ನು ದಿನಾ ನೋಡುವುದು ಸುಲಭ ಅಲ್ಲ. ನೀನು ಎಲ್ಲರಿಗೂ ಮಾಡುವ ಹಾಗೆ ಒಂದು ನಮಸ್ಕಾರ ಮಾಡಿ ಮುಂದೆ ಹೋಗು. ಜಾಸ್ತಿ ನಗಬೇಡ, 'ಹೇಗಿದ್ದೀರಿ' ಅಂತ ದನಿ ತಗ್ಗಿಸಿ ಕೇಳಬೇಡ. ಪಕ್ಕದಲ್ಲಿರುವವರಿಗೆ ಸಂಶಯ ಬರಲು ಅಷ್ಟೇ ಸಾಕು.

ಮತ್ತೆ, ಫೋನ್ ಬರಲಿ ಅಂತ ಕಾಯುತ್ತಾ ಕೂರಬೇಡಿ ಅಂತ ನಿಮ್ಮ ತಂಡಕ್ಕೆ ಹೇಳು. ನಮ್ಮವರು ಸಹಾಯ ಕೇಳುವ ಜಾತಿಯಲ್ಲ. ನಮ್ಮ ಹೆಲ್ಪ್‌ಲೈನ್ ಮೊದಲ ಆರು ತಿಂಗಳು ಖಾಲಿ ಹೊಡೆಯಿತು. ದೊಡ್ಡ ತೊಂದರೆಯಾದ ಪ್ರತಿಯೊಬ್ಬರಿಗೂ ನಾವೇ ಫೋನ್ ಮಾಡುತ್ತೇವೆ ಅಂತ ನಿಯಮ ಮಾಡಿದ ಮೇಲೆ ಜನ ಮಾತಾಡತೊಡಗಿದರು. ಎಲ್ಲರಿಗೂ ಮಾಡುತ್ತಾರೆ ಅಂದಮೇಲೆ ಯಾರಿಗೂ ಅವಮಾನ ಇಲ್ಲ.

ನಿನ್ನ ಬಗ್ಗೆ ನನಗಿರುವ ಹೆದರಿಕೆ ಹೇಳಲೋ ಬೇಡವೋ ಅಂತ ಇದ್ದೆ. ಪಿಜಿ ಡ್ಯೂಟಿಯೇ ನಿನ್ನನ್ನು ಹಿಂಡುತ್ತಿದೆ. ಅದರ ಮೇಲೆ ಇದು. ಡಾಕ್ಟರುಗಳ ಜಿನೀವಾ ಪ್ರತಿಜ್ಞೆಗೆ 2017ರಲ್ಲಿ ಒಂದು ಸಾಲು ಸೇರಿಸಿದರು. ಒಳ್ಳೆಯ ಚಿಕಿತ್ಸೆ ಕೊಡಬೇಕಾದರೆ ನನ್ನ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ ಅಂತ. ಪ್ರತಿಜ್ಞೆ ಹುಟ್ಟಿದ್ದು 1948ರಲ್ಲಿ, ಆ ಸಾಲು ಹೊಳೆಯಲು 69 ವರ್ಷ ಬೇಕಾಯಿತು ನೋಡು! ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಪೀರ್ ಸಪೋರ್ಟಿನ ಪಾಳಿ ಒಪ್ಪಿಕೊಳ್ಳಬೇಡ. ನಿಮ್ಮ ಸ್ವಯಂಸೇವಕರ ಸಭೆ ತಪ್ಪಿಸಬೇಡ. ಹೆಸರಿಲ್ಲದೆ, ಊರಿಲ್ಲದೆ, ನಿನಗೇನು ಭಾರವಾಯಿತು ಅಂತ ಅಷ್ಟೇ ಅಲ್ಲಿ ಹೇಳು.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನೀನು ಕೇಳುತ್ತಿದ್ದೆ, ಬಾಗಿಲು ಹಾಕಿಕೊಂಡು ಯಾರ ಜೊತೆ ಇಷ್ಟೊತ್ತು ಮಾತಾಡ್ತೀಯ ಅಂತ. ಕೆಲಸದ ಫೋನ್ ಅನ್ನುತ್ತಿದ್ದೆ. ನಿನಗೆ ಕೋಪ ಬರುತ್ತಿತ್ತು. ಈಗ ಬಾಗಿಲು ಹಾಕಿಕೊಳ್ಳುವ ಸರದಿ ನಿನ್ನದು, ಹೊರಗೆ ನಿಲ್ಲುವ ಸರದಿ ನನ್ನದು.

ಮೊದಲ ಪಾಳಿ ಮುಗಿದ ಮಾರನೇ ಬೆಳಿಗ್ಗೆ ಫೋನ್ ಮಾಡು. ಯಾರು ಬಂದಿದ್ದರು, ಏನಂದರು ಅಂತ ಕೇಳುವುದಿಲ್ಲ. ನಿದ್ದೆ ಬಂತಾ ಅಂತ ಕೇಳುತ್ತೇನೆ. ಬರದಿದ್ದರೆ ಬಂತು ಅಂತ ಸುಳ್ಳು ಹೇಳಬೇಡ.

ನಿನ್ನ
ಅಮ್ಮ