ರೈಜನ್ ಯಂತ್ರಗಳಿಗೆ ಇನ್ನು ಮುಂದೆ ಪೇಸ್ಟ್ ಗಾರ್ಡ್: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಜೂನ್ 1ರಿಂದ ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ಪ್ರೊಸೆಸರ್‌ನ ಶಾಖ ಇಳಿಸುವ ಕೂಲರ್ ಕೂರಿಸುವ ಕ್ರಮ ಸ್ವಲ್ಪ ಬದಲಾಗುತ್ತಿದೆ. ಎಎಂಡಿ ಕಂಪನಿಯ ಎಎಂ5 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಡೆಸ್ಕ್‌ಟಾಪ್‌ಗಳಿಗೆ, ಅಂದರೆ ರೈಜನ್ 7000, 8000 ಮತ್ತು 9000 ಸರಣಿಯ ಪ್ರೊಸೆಸರ್ ಇರುವವಕ್ಕೆ, ಪ್ರೊಸೆಸರ್‌ನ ಸುತ್ತ ಪೇಸ್ಟ್ ಗಾರ್ಡ್ ಎಂಬ ತೆಳುವಾದ ಪ್ಲಾಸ್ಟಿಕ್ ಚೌಕಟ್ಟು ಕೂರಿಸಿದ ಮೇಲೆಯೇ, ಶಾಖವನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚುತ್ತೇವೆ. ಯಂತ್ರ ಹೊಸದಾಗಿ ಜೋಡಿಸಲು ಬಂದಿರಲಿ, ಸರ್ವಿಸ್‌ಗೆ ಬಂದಿರಲಿ, ಕ್ರಮ ಒಂದೇ. ಚೌಕಟ್ಟಿನ ಬೆಲೆ 200 ರೂಪಾಯಿ. ಬಿಲ್ಲಿನಲ್ಲಿ ಅದನ್ನು ಬೇರೆಯಾಗಿಯೇ ಬರೆಯುತ್ತೇವೆ. ಕೆಲಸದ ಕೂಲಿ ಮೊದಲಿನಷ್ಟೇ. ಒಮ್ಮೆ ಹಾಕಿದ ಚೌಕಟ್ಟು ಮುಂದಿನ ಸರ್ವಿಸ್‌ಗಳಿಗೂ ಆಗುತ್ತದೆ. ಇಂಟೆಲ್ ಯಂತ್ರದವರಿಗೂ ಹಳೆಯ ಎಎಂ4 ಯಂತ್ರದವರಿಗೂ ಈ ಖರ್ಚು ಇಲ್ಲ.

ನಮ್ಮ ಗ್ರಾಹಕರಲ್ಲಿ ಅಡಿಕೆ ಮಂಡಿಯ ಲೆಕ್ಕ ಬರೆಯುವವರಿದ್ದಾರೆ. ಬಿಲ್ಲಿನ ಒಂದು ಸಾಲನ್ನೂ ಕಾರಣ ಕೇಳದೆ ಬಿಡುವವರಲ್ಲ ಅವರು. ಕೇಳಬೇಕಾದ್ದೇ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ಪ್ರೊಸೆಸರ್‌ನ ಲೋಹದ ಮುಚ್ಚಳ, ಕೂಲರ್‌ನ ತಳ, ಎರಡೂ ಕಣ್ಣಿಗೆ ನುಣುಪಾಗಿಯೇ ಕಾಣುತ್ತವೆ. ಆದರೂ ಒಂದರ ಮೇಲೊಂದು ಕೂರಿಸಿದಾಗ ನಡುವೆ ಸೂಕ್ಷ್ಮವಾದ ಸಂದುಗಳು ಉಳಿದು ಅಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಶಾಖ ಸಾಗಿಸುವ ಕೆಲಸದಲ್ಲಿ ಗಾಳಿ ಮಹಾ ಸೋಮಾರಿ. ಮೀಟರ್‌ಗೆ, ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ ತಾಮ್ರದ ಉಷ್ಣವಾಹಕತೆ ಸುಮಾರು 400, ಗಾಳಿಯದು 0.026. ಒಳ್ಳೆಯ ಪೇಸ್ಟ್‌ನದು 10ರ ಆಸುಪಾಸು. ಗಾಳಿಯ ಮುಂದೆ ಪೇಸ್ಟ್ ದೊಡ್ಡದು, ತಾಮ್ರದ ಮುಂದೆ ಏನೇನೂ ಅಲ್ಲ. ಹಾಗಾಗಿ ಅದು ಸಂದು ತುಂಬಬೇಕು, ಪದರವಾಗಿ ನಡುವೆ ಕೂರಬಾರದು. ಕೂಲರ್‌ನ ಸ್ಕ್ರೂ ಬಿಗಿಯುತ್ತ ಹೋದಂತೆ ಹೆಚ್ಚಾದದ್ದು ತಾನಾಗಿಯೇ ಅಂಚಿನಿಂದ ಹೊರಗೆ ಬರುತ್ತದೆ. ಪೇಸ್ಟ್ ಹೆಚ್ಚಾದರೆ ಯಂತ್ರ ಬಿಸಿಯಾಗುತ್ತದೆ ಎಂಬ ಮಾತು ಅಷ್ಟು ನಿಜವಲ್ಲ. ಕಡಿಮೆಯಾಗಿ ಮೂಲೆಗಳು ಪೇಸ್ಟ್ ತಾಗದೆ ಉಳಿದರೆ ಮಾತ್ರ ನಿಜವಾದ ತೊಂದರೆ. ಕೈ ಪಳಗಿದವರು ಚೂರು ಧಾರಾಳವಾಗಿಯೇ ಹಾಕುತ್ತಾರೆ, ಅದು ಸರಿಯೇ. ಹೊರಗೆ ಬಂದದ್ದು ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ನೋಡಬೇಕಾದ ವಿಷಯ.

ಎಎಂ4 ಕಾಲದಲ್ಲಿ ಇದು ತಲೆನೋವಾಗಿರಲಿಲ್ಲ. ಮುಚ್ಚಳದ ನಾಲ್ಕೂ ಅಂಚು ನೇರವಾಗಿದ್ದವು. ಹೊರಬಂದ ಪೇಸ್ಟನ್ನು ಬಟ್ಟೆಯಿಂದ ಒರೆಸಿದರೆ ಮುಗಿಯಿತು. 2022ರ ಸೆಪ್ಟೆಂಬರ್‌ನಲ್ಲಿ ರೈಜನ್ 7000 ಸರಣಿಯೊಂದಿಗೆ ಎಎಂ5 ಬಂದಾಗ ಮುಚ್ಚಳದ ಆಕಾರವೇ ಬದಲಾಯಿತು. ಅಂಚಿನುದ್ದಕ್ಕೂ ಕಚ್ಚುಗಳು ಬಿದ್ದವು, ಮುಚ್ಚಳ ಎಂಟು ಕಾಲುಗಳ ಮೇಲೆ ನಿಂತಿತು. ಆ ಕಾಲುಗಳ ನಡುವಿನ ಕಿಂಡಿಗಳಲ್ಲಿ ಅಕ್ಕಿಯ ನುಚ್ಚಿನಷ್ಟು ಚಿಕ್ಕ ಕೆಪಾಸಿಟರ್ ಎಂಬ ವಿದ್ಯುತ್ ಬಿಡಿಭಾಗಗಳು ಬೆತ್ತಲಾಗಿ ಕೂತಿವೆ.

ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊ ಒಂದರ ಯಂತ್ರ ಈಚೆಗೆ ನಮ್ಮ ಮೇಜಿಗೆ ಬಂದಿತ್ತು. ಜೋಡಿಸಿದ್ದು ಬೇರೆ ಊರಿನಲ್ಲಿ. ಕೂಲರ್ ತೆಗೆದು ಭೂತಗನ್ನಡಿಯ ದೀಪದಡಿ ನೋಡಿದರೆ ಕಿಂಡಿಗಳೆಲ್ಲ ಬೂದು ಬಣ್ಣದ ಪೇಸ್ಟ್‌ನಿಂದ ಮೆತ್ತಿಹೋಗಿದ್ದವು. ಕೆಪಾಸಿಟರ್‌ಗಳ ತಲೆಯೂ ಕಾಣುತ್ತಿರಲಿಲ್ಲ. ಹತ್ತಿ ಸುತ್ತಿದ ಕಡ್ಡಿಯ ತುದಿ ಕಿಂಡಿಗೆ ದಪ್ಪವಾಯಿತು. ಹಿಂಡಿ ಚೂಪು ಮಾಡಿ ತೂರಿಸಿದರೆ ಅದರ ಎಳೆಗಳು ಬೆಸುಗೆಯ ಮೂಲೆಗೆ ಸಿಕ್ಕಿಕೊಂಡವು. ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದರೆ ಪೇಸ್ಟ್ ಕರಗುತ್ತದೆ ನಿಜ, ಆದರೆ ಕರಗಿದ್ದು ನೀರಾಗಿ ಇನ್ನೂ ಒಳಕ್ಕೆ ಹರಿಯುತ್ತದೆ. ಕೊನೆಗೆ ಪ್ರೊಸೆಸರನ್ನು ಸಾಕೆಟ್‌ನಿಂದ ಹೊರತೆಗೆದು, ಸಾಕೆಟ್‌ಗೆ ಮುಚ್ಚಳ ಹಾಕಿಟ್ಟು, ಮೃದುವಾದ ಬ್ರಷ್ಷಿನಿಂದ ಒಂದೊಂದೇ ಕಿಂಡಿಯನ್ನು ತೊಳೆಯಬೇಕಾಯಿತು. ಅರ್ಧ ಗಂಟೆಯ ಸರ್ವಿಸ್ ಒಂದು ಮಧ್ಯಾಹ್ನವನ್ನೇ ನುಂಗಿತು.

ನಮಗೆ ಅಂಜಿಕೆ ಇರುವುದು ಈ ಹೊರತೆಗೆಯುವ ಹಂತದ ಬಗ್ಗೆಯೇ. ಎಎಂ5 ಪ್ರೊಸೆಸರ್‌ನಲ್ಲಿ ಪಿನ್ನುಗಳಿಲ್ಲ. ಮದರ್‌ಬೋರ್ಡ್‌ನ ಸಾಕೆಟ್‌ನಲ್ಲಿ 1718 ಸ್ಪ್ರಿಂಗ್ ಪಿನ್ನುಗಳಿವೆ. ಪ್ರೊಸೆಸರ್ ಎತ್ತುವಾಗ ಅಂಚಿನ ಪೇಸ್ಟ್ ಅವುಗಳ ನಡುವೆ ಬಿದ್ದರೆ ತೆಗೆಯುವುದು ದುಸ್ಸಾಹಸ. ಒಂದು ಪಿನ್ ಬಾಗಿದರೂ ಮದರ್‌ಬೋರ್ಡೇ ಹೋಗಬಹುದು, ಅಂಥ ಹಾನಿಗೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಚೌಕಟ್ಟು ಇದ್ದರೆ ಕಿಂಡಿಗಳು ಮುಚ್ಚಿರುತ್ತವೆ. ಹೊರಬಂದ ಪೇಸ್ಟ್ ಪ್ಲಾಸ್ಟಿಕ್‌ನ ಮೇಲೆ ನಿಲ್ಲುತ್ತದೆ. ಮುಂದಿನ ಸಲ ಮುಚ್ಚಳ ಒರೆಸಿ, ಚೌಕಟ್ಟು ಎತ್ತಿ ತೊಳೆದು ಮತ್ತೆ ಕೂರಿಸಬಹುದು. ಪ್ರೊಸೆಸರನ್ನು ಸಾಕೆಟ್‌ನಿಂದ ಕದಲಿಸುವ ಪ್ರಸಂಗವೇ ಬರುವುದಿಲ್ಲ.

ಇದನ್ನು ಓದಿ ಮನೆಯಲ್ಲಿರುವ ಯಂತ್ರವನ್ನು ಬಿಚ್ಚಿ ನೋಡಲು ಹೋಗಬೇಡಿ. ಮಾರುಕಟ್ಟೆಯ ಹೆಚ್ಚಿನ ಪೇಸ್ಟ್‌ಗಳು ವಿದ್ಯುತ್ ಹರಿಸುವುದಿಲ್ಲ. ಕಿಂಡಿಗಳಲ್ಲಿ ಅದು ತುಂಬಿದ್ದರೂ ಯಂತ್ರ ತನ್ನ ಪಾಡಿಗೆ ನಡೆಯುತ್ತದೆ. ಚೆನ್ನಾಗಿ ನಡೆಯುತ್ತಿರುವುದನ್ನು ಚೊಕ್ಕ ಮಾಡುತ್ತೇವೆಂದು ಕೆದಕುವುದಕ್ಕಿಂತ ಸುಮ್ಮನೆ ಬಿಡುವುದೇ ವಾಸಿ. ಸರ್ವಿಸ್‌ಗೆ ಬಂದಾಗ ನಾವು ನೋಡಿಕೊಳ್ಳುತ್ತೇವೆ.

ಇನ್ನೊಂದು ಮಾತು. ಚೌಕಟ್ಟಿನಿಂದ ಪ್ರೊಸೆಸರ್ ತಂಪಾಗುವುದಿಲ್ಲ. ಒಂದು ಡಿಗ್ರಿ ಇಳಿಯುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ, ಆ ಆಸೆಯಿಂದ ಹಾಕಿಸಲೂ ಬೇಡಿ. ರೈಜನ್ 7700ಎಕ್ಸ್, 7950ಎಕ್ಸ್‌ನಂಥವು ಭಾರಿ ಕೆಲಸ ಕೊಟ್ಟಾಗ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುವಂತೆಯೇ ವಿನ್ಯಾಸಗೊಂಡಿವೆ. ವಿಡಿಯೊ ರೆಂಡರ್ ಮಾಡುವಾಗ ಆ ಅಂಕಿ ಕಂಡರೆ ಅದು ಪೇಸ್ಟ್‌ನ ದೋಷವಲ್ಲ. ಏನೂ ಕೆಲಸವಿಲ್ಲದಾಗಲೂ ಬಿಸಿ ಇಳಿಯದಿದ್ದರೆ ಮಾತ್ರ ತನ್ನಿ. ಮಂಡಿಯ ಯಂತ್ರಗಳಲ್ಲಿ ಅದಕ್ಕೆ ಕಾರಣ ಬಹುಪಾಲು ಕೂಲರ್‌ನ ಪಟ್ಟಿಗಳ ನಡುವೆ ಕೂತ ಅಡಿಕೆ ಸಿಪ್ಪೆಯ ಧೂಳು, ಮಳೆಗಾಲದ ತೇವಕ್ಕೆ ಗಟ್ಟಿಯಾದದ್ದು.

ಆಸ್ಟ್ರಿಯಾದ ನಾಕ್ಟುವಾ ಕಂಪನಿ ಎಎಂ5ಗೆಂದೇ ಇಂಥ ಗಾರ್ಡ್ ತಯಾರಿಸುತ್ತದೆ, ತನ್ನ ಪೇಸ್ಟ್‌ನ ಎಎಂ5 ಆವೃತ್ತಿಯ ಡಬ್ಬಿಯಲ್ಲೇ ಇಟ್ಟು ಕೊಡುತ್ತದೆ. ನಿಮ್ಮಲ್ಲಿ ಅದು ಅಥವಾ ಬೇರೆ ಕಂಪನಿಯದು ಇದ್ದರೆ ತನ್ನಿ, ಅದನ್ನೇ ಕೂರಿಸುತ್ತೇವೆ. 200 ರೂಪಾಯಿ ಕೊಡಬೇಕಿಲ್ಲ. ಸೀಲ್ ಒಡೆಯದ ಪೇಸ್ಟ್ ತಂದರೂ ಅಭ್ಯಂತರವಿಲ್ಲ. ಆದರೆ ಪೇಸ್ಟ್‌ನ ಬದಲು ಕೆಲವರು ಬಳಸುವ ಲಿಕ್ವಿಡ್ ಮೆಟಲ್ ಮಾತ್ರ ಹಚ್ಚಿಕೊಡುವುದಿಲ್ಲ. ಅದು ಗ್ಯಾಲಿಯಂ ಬೆರೆತ ಲೋಹ, ವಿದ್ಯುತ್ ಹರಿಸುತ್ತದೆ, ಅಲ್ಯೂಮಿನಿಯಂ ಕೂಲರನ್ನು ತಿಂದುಹಾಕುತ್ತದೆ. ಕಾಲೇಜು ಹುಡುಗರು ಪ್ಲೇಸ್ಟೇಷನ್ 5 ಗೇಮಿಂಗ್ ಯಂತ್ರದಲ್ಲಿ ಅದು ಇಲ್ಲವೇ ಎಂದು ವಾದಿಸುತ್ತಾರೆ. ಇದೆ. ಅಲ್ಲಿ ಅದು ಹೊರಗೆ ಹರಿಯದಂತೆ ಕಾರ್ಖಾನೆಯಲ್ಲೇ ಸುತ್ತ ತಡೆ ಕಟ್ಟಿದ್ದಾರೆ. ನಮ್ಮ ಪ್ಲಾಸ್ಟಿಕ್ ಚೌಕಟ್ಟಿಗೆ ಆ ಯೋಗ್ಯತೆ ಇಲ್ಲ.

ಎಎಂ4 ಯಂತ್ರದವರು ಮನೆಯಲ್ಲಿ ಕೂಲರನ್ನು ನೇರವಾಗಿ ಎಳೆಯಬೇಡಿ. ಒಣಗಿದ ಪೇಸ್ಟ್ ಪ್ರೊಸೆಸರನ್ನೇ ಸಾಕೆಟ್‌ನಿಂದ ಕಿತ್ತು ತರಬಹುದು, ಎಎಂ4 ಪ್ರೊಸೆಸರ್‌ನ ತಳದಲ್ಲಿರುವ ಪಿನ್ನುಗಳು ಬಾಗಬಹುದು. ಬಿಚ್ಚಲೇಬೇಕಿದ್ದರೆ ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ, ಆರಿಸಿ, ಕರೆಂಟ್ ಕಿತ್ತು, ಸ್ಕ್ರೂ ತೆಗೆದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಎತ್ತಿ.

ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬಸ್ಸಿನಲ್ಲಿ ಯಂತ್ರ ಕಳುಹಿಸುವವರು ಕ್ಯಾಬಿನೆಟ್ಟನ್ನು ಮದರ್‌ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ ಕಟ್ಟಿ. ಟವರ್ ಕೂಲರ್‌ನ ಭಾರ ಅಡ್ಡಡ್ಡ ಜೋತಿದ್ದರೆ ನಮ್ಮ ರಸ್ತೆಗಳ ಗುಂಡಿಗಳಿಗೆ ಅದರ ಹಿಡಿತ ಸಡಿಲವಾಗುತ್ತದೆ. ಚೌಕಟ್ಟು ಹಾಕಿದ ಯಂತ್ರವನ್ನು ಒಂದು ರಾತ್ರಿ ಓಡಿಸಿ ಪರೀಕ್ಷಿಸಿಯೇ ಕೊಡುತ್ತೇವೆ. ಬೆಳಿಗ್ಗೆ ತಂದದ್ದು ಮರುದಿನ ಮಧ್ಯಾಹ್ನ ಸಿಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಮೇ ತಿಂಗಳೊಳಗೆ ಒಪ್ಪಿಸಿದ ಯಂತ್ರಗಳಿಗೆ ಹಳೆಯ ದರವೇ. ಆ ಯಂತ್ರಗಳಿಗೂ ಚೌಕಟ್ಟು ಬೇಕಿದ್ದರೆ ಯಂತ್ರ ಒಯ್ಯುವ ಮೊದಲು ಹೇಳಿ.

ಇಂತಿ,
ಅಂಗಡಿಯ ಪರವಾಗಿ
ದುರ್ಗಿಗುಡಿ, ಶಿವಮೊಗ್ಗ