ಪುಟ್ಟನ ಕಕ್ಕಕ್ಕೆ ಕಾದವರಿಗೆಲ್ಲ

ನನ್ನ ಮಗ ಪುಟ್ಟನ ಕರುಳಿನ ಎರಡನೇ ಆಪರೇಷನ್ ಆಗಿ ನಿನ್ನೆಗೆ ಮೂರು ತಿಂಗಳು. ಹೊಟ್ಟೆ ಮೆತ್ತಗಿದೆ, ತೂಕ ಏರಿದೆ, ಇನ್ನು ಎರಡು ತಿಂಗಳು ಬಿಟ್ಟು ಬನ್ನಿ ಅಂದರು ಡಾಕ್ಟರ್. ವಿಚಾರಿಸುತ್ತಿದ್ದವರಿಗೆಲ್ಲ ಒಟ್ಟಿಗೇ ಇಲ್ಲಿ ಬರೆಯುತ್ತಿದ್ದೇನೆ. ಕಕ್ಕದ ಮಾತೇ ಜಾಸ್ತಿ. ಊಟಕ್ಕೆ ಕೂತಿದ್ದರೆ ಆಮೇಲೆ ಓದಿ.

ಹೆರಿಗೆಯಾಗಿ ಮನೆಗೆ ಬಂದ ಮೇಲೆ ಮಗುವಿನ ಹೊಟ್ಟೆ ತಮಟೆಯ ಹಾಗೆ ಬಿಗಿಯಾಯಿತು. ಗ್ಯಾಸ್ ಅಂದರು, ಡ್ರಾಪ್ಸ್ ಕೊಟ್ಟರು. ಅತ್ತೆ ವೀಳ್ಯದೆಲೆ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಇಟ್ಟರೆ ಒಂದಿಷ್ಟು ಹೋಗುತ್ತಿತ್ತು. ಮಾರನೇ ದಿನ ಮತ್ತೆ ಅದೇ. 18ನೇ ದಿನ ಹಸಿರು ವಾಂತಿ.

ಆ ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್, ಮೊದಲ ನಮಸ್ಕಾರ ನಿಮಗೆ. ಎಲ್ಲರೂ ನಿನ್ನೆ ಮೊನ್ನೆಯದನ್ನು ಕೇಳುತ್ತಿದ್ದರು. ನೀವೊಬ್ಬರೇ “ಹುಟ್ಟಿದ ಮೇಲೆ ಮೊದಲ ಕಪ್ಪು ಕಕ್ಕ ಯಾವಾಗ ಹೋಯ್ತಮ್ಮಾ?” ಅಂದಿರಿ. ಮೂರನೇ ದಿನ ಮುಗಿದ ಮೇಲೆ, ಅಂದೆ. ಬರೆಯುತ್ತಿದ್ದ ನಿಮ್ಮ ಪೆನ್ನು ನಿಂತಿತು. ಅದು ಮಾಮೂಲಾಗಿ ಮೊದಲ 24 ಗಂಟೆಯಲ್ಲಿ, ತಡ ಅಂದರೂ 48 ಗಂಟೆಯೊಳಗೆ ಹೋಗಬೇಕಂತೆ. ನಮಗೆ ಯಾರೂ ಹೇಳಿರಲಿಲ್ಲ.

ಬೆಂಗಳೂರಿನಲ್ಲಿ ಎನಿಮಾ ಕೊಟ್ಟು ಎಕ್ಸ್‌ರೇ ತೆಗೆದರು. ಕೆಳಗೆ ಕರುಳು ಸಣ್ಣ, ಮೇಲೆ ಬಲೂನು. ಕರುಳಿನ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಖಾತ್ರಿಯಾಯಿತು: ಹಿರ್ಷ್‌ಸ್ಪ್ರುಂಗ್ ಕಾಯಿಲೆ. 1886ರಲ್ಲಿ ಇದನ್ನು ವಿವರಿಸಿದ ಡೆನ್ಮಾರ್ಕಿನ ಮಕ್ಕಳ ಡಾಕ್ಟರ್ ಹೆಸರು ಅದು. ಅತ್ತೆ ಇವತ್ತಿಗೂ “ಆ ಸ್ಪ್ರಿಂಗ್ ಕಾಯಿಲೆ” ಅನ್ನುತ್ತಾರೆ.

ಸರ್ಜನ್ ಸರ್, ಓಪಿಡಿ ಚೀಟಿಯ ಹಿಂದೆ ನೀವು ಬರೆದ ಚಿತ್ರ ನನ್ನ ಹತ್ತಿರ ಇದೆ. ಕರುಳನ್ನು ಆಡಿಸುವ ನರಕೋಶಗಳು ಬಸುರಿನಲ್ಲಿ ಮೇಲಿಂದ ಕೆಳಗೆ ಇಳಿಯುತ್ತಾ, ಸುಮಾರು 12ನೇ ವಾರಕ್ಕೆ ತುದಿ ಮುಟ್ಟಬೇಕು. ಪುಟ್ಟನಿಗೆ ಅವು ದಾರಿಯಲ್ಲೇ ನಿಂತುಬಿಟ್ಟವು. ಕೆಳಗಿನ ತುಂಡು ಸಡಿಲವಾಗುವುದೇ ಇಲ್ಲ, ಬಂದದ್ದೆಲ್ಲ ಮೇಲೆ ಕಟ್ಟಿಕೊಳ್ಳುತ್ತದೆ. ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗುತ್ತದಂತೆ. “ನೀವು ತಿಂದಿದ್ದರಿಂದ ಆಗಿದ್ದಲ್ಲಮ್ಮ” ಅಂದಿರಿ. ಬಸುರಿನಲ್ಲಿ ಪಪ್ಪಾಯಿ ತಿಂದಳು ಅಂತ ನನ್ನ ಕಿವಿಗೆ ಬೀಳುವ ಹಾಗೆ ಮಾತಾಡಿದವರಿದ್ದರು, ಸರ್. ಆವತ್ತು ರಾತ್ರಿ ನನಗೆ ನಿದ್ದೆ ಬಂತು.

ಆಮೇಲೆ ಏಳು ತಿಂಗಳು, ಮೊದಲ ಆಪರೇಷನ್‌ನಲ್ಲಿ ಹೊಟ್ಟೆಯ ಪಕ್ಕದಲ್ಲಿ ಮಾಡಿದ ದಾರಿಯಿಂದಲೇ ಕಕ್ಕ. ಬ್ಯಾಗ್ ಅಂಟಿಸಿದರೆ ಚರ್ಮ ಕಿತ್ತು ಬರುತ್ತಿತ್ತು. ಅತ್ತೆ ತಮ್ಮ ಹಳೇ ಹತ್ತಿ ಸೀರೆಗಳನ್ನು ಹರಿದು, ಒಗೆದು, ಬಿಸಿಲಲ್ಲಿ ಒಣಗಿಸಿ, ಅಂಗೈ ಅಗಲಕ್ಕೆ ಮಡಿಸಿ ಜೋಡಿಸಿಡುತ್ತಿದ್ದರು. ದಿನಕ್ಕೆ ಇಪ್ಪತ್ತಾದರೂ ಬೇಕು. ಒಟ್ಟು ಹನ್ನೊಂದು ಸೀರೆ ಹೋದವು. ಲೆಕ್ಕ ಅವರದೇ. “ದೊಡ್ಡವನಾಗಿ ತೀರಿಸ್ತೀಯೇನೋ” ಅಂತ ಪುಟ್ಟನನ್ನು ಕೇಳುತ್ತಿರುತ್ತಾರೆ.

ಎರಡನೇ ಆಪರೇಷನ್ ದಿನ ಥಿಯೇಟರ್‌ನಿಂದ ಒಬ್ಬ ಹುಡುಗ ಕರುಳಿನ ಚೂರಿದ್ದ ಚಿಕ್ಕ ಡಬ್ಬಿ ಹಿಡಿದು ಲ್ಯಾಬಿಗೆ ಓಡಿದ. ಆ ಚೂರಿನಲ್ಲಿ ನರಕೋಶ ಇದೆ ಅಂತ ಲ್ಯಾಬಿನವರು ಹೇಳಿದ ಮೇಲೆಯೇ ಒಳ್ಳೆಯ ಕರುಳನ್ನು ಕೆಳಗೆಳೆದು ಹೊಲಿಯುವುದು. ಮೈಕ್ರೋಸ್ಕೋಪ್ ಮುಂದೆ ಕೂತಿದ್ದ ಡಾಕ್ಟರ್ ಯಾರೋ, ನಾವು ಮುಖ ನೋಡಿಲ್ಲ. ನಿಮಗೂ ನಮಸ್ಕಾರ. ರಕ್ತ ಕೊಟ್ಟ ಇಬ್ಬರಿಗೆ, ಮಧ್ಯರಾತ್ರಿ ಕಾರು ಓಡಿಸಿದ ಪಕ್ಕದ ಮನೆ ಅಣ್ಣನಿಗೂ. (ಅಣ್ಣಾ, ಡೀಸೆಲ್ ದುಡ್ಡು ಇನ್ನೂ ತಗೊಂಡಿಲ್ಲ ನೀವು.)

ಪೂರ್ತಿ ಮುಗಿದಿಲ್ಲ. ಜ್ವರ, ಹೊಟ್ಟೆ ಉಬ್ಬರ, ನಾರುವ ನೀರು ಭೇದಿ ಕಂಡರೆ ತಕ್ಷಣ ಓಡಬೇಕು. ಬಟ್ಟೆ, ಫೈಲು ತುಂಬಿದ ಚೀಲ ಬಾಗಿಲ ಹಿಂದೆ ನೇತಾಡುತ್ತಿದೆ.

ಆಪರೇಷನ್ ಆದ ಮೂರನೇ ದಿನ ಬೆಳಗಿನ ಜಾವ ಪುಟ್ಟ ಮೊದಲ ಸಲ ತಾನಾಗೇ ಕಕ್ಕ ಮಾಡಿದ. ನಾನು ಅಳುತ್ತಾ ನಿಂತಿದ್ದೆ. ಪಕ್ಕದ ಬೆಡ್ಡಿನ ಯಾದಗಿರಿ ಕಡೆಯ ಅಕ್ಕ ಚಪ್ಪಾಳೆ ತಟ್ಟಿದರು. ಅವರ ಮಗಳ ಆಪರೇಷನ್ ಮುಂದಿನ ವಾರ ಇತ್ತು. ಅಕ್ಕಾ, ಮೊಬೈಲ್ ಹಾಳಾಗಿ ನಿಮ್ಮ ನಂಬರ್ ಹೋಯಿತು. ಪಾಪು ಹೇಗಿದ್ದಾಳೆ? ಇದು ನಿಮ್ಮ ಕಣ್ಣಿಗೆ ಬಿದ್ದರೆ ಒಂದು ಫೋನ್ ಮಾಡಿ.