ಜಗುಲಿಯ ಗೋಡೆಗೆ ಸಿಮೆಂಟು ಬೇಡ

ಕೆಂಡಲ್, ಇಂಗ್ಲೆಂಡ್
ಭಾನುವಾರ

ತೀರ್ಥರೂಪು ಅಪ್ಪಯ್ಯನವರಿಗೆ ಶೈಲಜಾ ಮಾಡುವ ನಮಸ್ಕಾರಗಳು. ನಾವಿಲ್ಲಿ ಕ್ಷೇಮ. ಅಮ್ಮನ ಮೊಣಕಾಲು ನೋವು ಈಗ ಹೇಗಿದೆ ಎಂದು ಬರೆಯಿರಿ.

ಜಗುಲಿಯ ಹಳೆಯ ಗಾರೆ ಕೆತ್ತಿಸಿ ಸಿಮೆಂಟು ಹಾಕಿಸುವ ಯೋಚನೆಯಿದೆ, ಮೇಸ್ತ್ರಿ ದೀಪಾವಳಿಯೊಳಗೆ ಮುಗಿಸಿಕೊಡುತ್ತಾನಂತೆ ಎಂದು ರಾಘು ಹೇಳಿದ. ಅಂದಿನಿಂದ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ಹೇಳಹೊರಟರೆ ಮಾತು ಅರ್ಧಕ್ಕೆ ನಿಲ್ಲುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ಟ್ರೌಟ್‌ಬೆಕ್ ಎಂಬ ಹಳ್ಳಿಗೆ ಹೋಗಿದ್ದೆವು. ವಿಂಡರ್‌ಮಿಯರ್ ಸರೋವರದ ಹತ್ತಿರ, ಗುಡ್ಡದ ಇಳಿಜಾರಿನಲ್ಲಿರುವ ಊರು. ಅಲ್ಲಿ ಟೌನೆಂಡ್ ಎಂಬ ಹದಿನೇಳನೆಯ ಶತಮಾನದ ಕಲ್ಲಿನ ಮನೆಯಿದೆ. ಬ್ರೌನ್ ಎಂಬ ರೈತ ಮನೆತನ ತಲೆಮಾರುಗಳಿಂದ 1943ರವರೆಗೂ ಅದರಲ್ಲೇ ಬಾಳಿತು. 1948ರಿಂದ ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ನೋಡಿಕೊಳ್ಳುತ್ತಿದೆ. ದೊರೆಗಳ ಬಂಗಲೆಯಲ್ಲ ಅಪ್ಪಯ್ಯ, ಅನುಕೂಲಸ್ಥರಾದರೂ ದುಡಿದು ಉಂಡವರ ಮನೆ. ಅರಮನೆಗಳಿಗೂ ಹಳೆಯ ಚರ್ಚುಗಳಿಗೂ ಕೊಡುವ ಮೊದಲ ದರ್ಜೆಯ ರಕ್ಷಣೆಯನ್ನೇ ಇದಕ್ಕೂ ಕೊಟ್ಟಿದ್ದಾರೆ. ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ನೂರಕ್ಕೆ ಸುಮಾರು ಎರಡೂವರೆಗೆ ಮಾತ್ರ ಸಿಗುವ ದರ್ಜೆ ಅದು.

ಹೊರಗೆ ಸುಣ್ಣ ಬಳಿದ ಬಿಳಿ ಗೋಡೆ, ಮೇಲೆ ಸ್ಲೇಟ್ ಕಲ್ಲಿನ ಮಾಡು. ಈ ಸೀಮೆಯ ಹಳೆಯ ಮಾಡುಗಳಲ್ಲಿ ಕಲ್ಲುಗಳೆಲ್ಲ ನಮ್ಮ ಹಂಚಿನ ಹಾಗೆ ಒಂದೇ ಅಳತೆಯವಲ್ಲ. ಸೂರಿನ ಬಳಿ ದೊಡ್ಡ ಹಲಗೆಗಳು, ಮೇಲೇರಿದಂತೆ ಚಿಕ್ಕವು. ಮಾಡಿನ ನೀರೆಲ್ಲ ಹರಿದು ಬರುವುದು ಸೂರಿಗೆ ತಾನೆ? ಅಲ್ಲಿ ಸಂದು ಕಡಿಮೆಯಿರುತ್ತದೆ, ಗಣಿಯ ಸಣ್ಣ ತುಂಡೂ ದಂಡವಾಗದೆ ಮೇಲಿನ ಸಾಲಿಗೆ ಸೇರುತ್ತದೆ. ಹೊಗೆಗೂಡುಗಳು ಕಂಬದಂತೆ ದುಂಡಗಿವೆ. ಇಲ್ಲಿಯ ಕಲ್ಲು ಪದರು ಪದರಾಗಿ ಸೀಳುತ್ತದೆ, ಚೌಕವಾದ ಮೂಲೆಗಲ್ಲು ಕಡಿಯುವುದು ಕಷ್ಟ. ದುಂಡಗೆ ಕಟ್ಟಿದರೆ ಮೂಲೆಯೇ ಬೇಡವಲ್ಲ! ನಾನು ಕತ್ತೆತ್ತಿ ನೋಡುತ್ತಲೇ ನಿಂತುಬಿಟ್ಟೆ.

ಒಲೆಯಿರುವ ನಡುಮನೆಗೆ ಇವರು ‘ಫೈರ್‌ಹೌಸ್’ ಎನ್ನುತ್ತಾರೆ. ಅದರ ಪಕ್ಕದ ‘ಡೌನ್‌ಹೌಸ್’ ಅಡಿಗೆ, ಒಗೆತ, ಉಪ್ಪು ಹಾಕಿಡುವಂಥ ಗಲೀಜಿನ ಕೆಲಸಗಳಿಗೆ. ಒಳಗೆಲ್ಲ ಓಕ್ ಮರದ ಕೆತ್ತನೆ. ಹತ್ತೊಂಬತ್ತನೆಯ ಶತಮಾನದ ಜಾರ್ಜ್ ಬ್ರೌನ್ ಎಂಬವರು ಸ್ವತಃ ಕೆತ್ತಿದ್ದೂ ಬೇಕಾದಷ್ಟಿದೆ. ಎದುರಿಗೆ 1666ರ ಕೊಟ್ಟಿಗೆ, ಅದಕ್ಕೆ ಹೊರಗಿನಿಂದ ಉಣ್ಣೆ ನೂಲುವವರಿಗಾಗಿ ಇತ್ತೆಂದು ಹೇಳುವ ಮರದ ಕೈಸಾಲೆ. ಅಮ್ಮ ನೋಡಿದ್ದರೆ ಹಪ್ಪಳ ಒಣಗಿಸುವುದಕ್ಕೆ ಎಂಥಾ ಜಾಗ ಎನ್ನುತ್ತಿದ್ದಳು.

ನಾನು ಹೇಳಬೇಕಾಗಿರುವುದು ಗೋಡೆಯ ವಿಷಯ. ಇಲ್ಲಿಯ ಹಳೆಯ ಗೋಡೆಯೆಂದರೆ ಹೊರಗೊಂದು ಒಳಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು, ಮಣ್ಣು, ಸುಣ್ಣ. ಎರಡೂ ಸಾಲು ಬೇರೆಯಾಗದಂತೆ ಅಲ್ಲಲ್ಲಿ ಅಡ್ಡಲಾಗಿ ಉದ್ದ ಕಲ್ಲು ಕೂರಿಸಿರುತ್ತಾರೆ. ಮಳೆಯೋ, ನಮ್ಮ ಮಲೆನಾಡಿನವರಿಗೂ ಬೇಸರ ಬರಿಸುವಂಥದ್ದು. ಇದೇ ಸೀಮೆಯ ಸೀತ್‌ವೇಟ್‌ನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ. ಸುಣ್ಣದ ಗಾರೆ ಆ ನೀರನ್ನು ಒಂದಿಷ್ಟು ಕುಡಿಯುತ್ತದೆ, ಗಾಳಿ ಬೀಸಿದಾಗ ಬಿಟ್ಟುಕೊಡುತ್ತದೆ. ಸಿಮೆಂಟು ಬಿಟ್ಟುಕೊಡುವುದಿಲ್ಲ. ಕೂದಲೆಳೆಯಷ್ಟು ಬಿರುಕು ಸಾಕು, ಒಳಗೆ ಹೋದ ನೀರು ಅಲ್ಲೇ ಕೂರುತ್ತದೆ.

ಇದು ಓದಿ ತಿಳಿದದ್ದಲ್ಲ. ಬಂದ ಮೊದಲ ವರ್ಷ ನಾವು ಬಾಡಿಗೆಗಿದ್ದದ್ದು ಇಂಥದೇ ಹಳೆಯ ಕಲ್ಲಿನ ಮನೆ. ಹಿಂದೆ ಯಾರೋ ಹೊರಗೋಡೆಗೆ ಸಿಮೆಂಟು ಮೆತ್ತಿದ್ದರು. ನಮ್ಮ ಮಂಚದ ಹಿಂದಿನ ಗೋಡೆ ಸದಾ ಕಪ್ಪು, ಕೋಣೆಯೆಲ್ಲ ನೆಂದ ಗೋಣಿಚೀಲದ ವಾಸನೆ. ರಿಪೇರಿಗೆ ಬಂದ ಮುದುಕರೊಬ್ಬರು ಉಳಿ ಇಟ್ಟು ಮೆಲ್ಲಗೆ ಎಬ್ಬಿದರು. ಸಿಮೆಂಟು ತಟ್ಟೆಯಂತೆ ಕಳಚಿ ಬಿತ್ತು. ಹಿಂದಿನ ಮಣ್ಣು ಜೂನ್ ತಿಂಗಳ ಗದ್ದೆಯ ಕೆಸರಿನಂತಿತ್ತು. ಗೋಡೆಯೊಳಗೆ ಹೊಕ್ಕಿದ್ದ ತೊಲೆಯ ತುದಿಯನ್ನು ನನಗೆ ಮುಟ್ಟಲು ಹೇಳಿದರು. ಓಕ್ ಮರ ಅಪ್ಪಯ್ಯ, ನೆನೆದ ಅವಲಕ್ಕಿಯ ಹಾಗೆ ಬೆರಳಿಗೆ ಕಿತ್ತುಬಂತು. ಆಮೇಲೆ ಅವರು ಸುಣ್ಣದ ಗಾರೆ ಹಚ್ಚಿ, ಬೇಗ ಒಣಗಬಾರದೆಂದು ಒದ್ದೆ ಗೋಣಿತಾಟು ಇಳಿಬಿಟ್ಟು ದಿನವೂ ನೀರು ಚಿಮುಕಿಸಿದರು. ಸುಣ್ಣ ಗಟ್ಟಿಯಾಗುವುದೇ ಗಾಳಿಯಿಂದ, ಅದಕ್ಕೆ ಅವಸರ ಆಗದು ಎಂದರು.

ಇಲ್ಲಿ ಪಟ್ಟಿಗೆ ಸೇರಿದ ಮನೆಯ ರೂಪ ಕೆಡುವಂಥ ಕೆಲಸವನ್ನು ಸ್ಥಳೀಯ ಆಡಳಿತದ ಅನುಮತಿಯಿಲ್ಲದೆ ಮಾಡಿದರೆ ಅಪರಾಧ. ಮನೆಯ ಯಜಮಾನನಾದರೂ ಅಷ್ಟೆ. ನಮ್ಮ ಜಂಬಿಟ್ಟಿಗೆಯ ಗೋಡೆಗೆ ಅಂಥ ಕಾನೂನಿಲ್ಲ. ಮೇಸ್ತ್ರಿಗೆ ಬೇಡವೆನ್ನಬೇಕಾದವರು ನೀವೇ.

ಜಗುಲಿಯ ಗಾರೆ ಉದುರುತ್ತಿರುವುದು ನೆಲದಿಂದ ಒಂದು ಮೊಳದೊಳಗೆ ಮಾತ್ರ ಎಂದು ರಾಘು ಕಳಿಸಿದ ಫೋಟೋದಲ್ಲಿ ನೋಡಿದೆ. ಸೂರಿನ ದೋಣಿ ಸೋರಿ, ಅಂಗಳಕ್ಕೆ ಹಾಕಿಸಿದ ಸಿಮೆಂಟಿಗೆ ನೀರು ಬಡಿದು ಗೋಡೆಗೆ ಸಿಡಿಯುತ್ತಿದೆಯೇ ನೋಡಿ. ಹಾಗಿದ್ದರೆ ಮೊದಲು ದೋಣಿ ಸರಿಮಾಡಿಸಿ, ಗೋಡೆಯ ಬುಡದಲ್ಲಿ ಒಂದಡಿ ಅಗಲ ಸಿಮೆಂಟು ಒಡೆಸಿ ಜಲ್ಲಿ ಹಾಕಿಸಿ. ದೇವಸ್ಥಾನದ ಕಟ್ಟೆಗೆ ಸುಣ್ಣ ಅರೆದುಕೊಟ್ಟ ಅಜ್ಜ ಇದ್ದಾರಲ್ಲ, ಅವರನ್ನೊಮ್ಮೆ ಮನೆಗೆ ಕರೆಸಿ ಗೋಡೆ ತೋರಿಸಿ. ಖರ್ಚು ಎಷ್ಟಾದರೂ ನಾನು ಕಳಿಸುತ್ತೇನೆ.

ಡಿಸೆಂಬರಿನಲ್ಲಿ ಬರುತ್ತೇವೆ. ಅಲ್ಲಿಯವರೆಗೆ ಉದುರಿದ ಜಾಗ ಹಾಗೆಯೇ ಇರಲಿ.

ಅಮ್ಮನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿಮ್ಮ ಮಗಳು
ಶೈಲಜಾ